ಟೀ ಕುಡಿದರೆ ಮರೆವು ಬರಲ್ವಾ? ಕೇಳಿದವರಿಗೆಲ್ಲ ಒಂದೇ ಕಡೆ ಉತ್ತರ

ವಾರಕ್ಕೊಮ್ಮೆಯಾದರೂ ಯಾರಾದರೂ ಕೇಳುತ್ತಾರೆ. ಗ್ರೀನ್ ಟೀ ಕುಡಿದರೆ ಮರೆವಿನ ಕಾಯಿಲೆ ಬರಲ್ವಂತೆ, ಹೌದಾ? ಎಷ್ಟು ಲೋಟ ಕುಡಿಯಬೇಕು? ಹಾಲು ಹಾಕಬಹುದಾ? ಅಪ್ಪನಿಗೆ ಎಪ್ಪತ್ತೆರಡು, ಕ್ಯಾಪ್ಸೂಲ್ ತರಿಸಿಕೊಡಲಾ? ಒಬ್ಬೊಬ್ಬರಿಗೂ ಒಂದೊಂದು ತುಂಡು ಉತ್ತರ ಕೊಟ್ಟು ನನಗೂ ಸಾಕಾಗಿದೆ. ಅದಕ್ಕೇ ಎಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಮಿದುಳಿಗೆ ಒಳ್ಳೆಯದು ಮಾಡಬಹುದಾದ ಅಂಶಗಳು ಟೀ ಎಲೆಯಲ್ಲಿ ನಿಜವಾಗಿಯೂ ಇವೆ. ಆದರೆ ಟೀ ಮದ್ದಲ್ಲ. ನೀವು ಹೇಗೂ ದಿನಾ ಎರಡು ಮೂರು ಲೋಟ ಕುಡಿಯುತ್ತೀರಿ, ಆ ಲೋಟವನ್ನೇ ಸ್ವಲ್ಪ ಸರಿ ಮಾಡಿಕೊಂಡರೆ ಸಾಕು, ಹೊಸದಾಗಿ ದುಡ್ಡು ಸುರಿಯಬೇಕಾಗಿಲ್ಲ. ಕಾಫಿ ಬಿಡಿ ಅಂತಲೂ ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಕೂತು ಆ ಮಾತು ಹೇಳುವ ಧೈರ್ಯ ನನಗಿಲ್ಲ.

ಎಲೆಯೊಳಗೆ ಇರುವುದೇನು

ಗ್ರೀನ್ ಟೀ, ಮಾಮೂಲಿ ಕಪ್ಪು ಟೀ, ಊಲಾಂಗ್, ಎಲ್ಲ ಒಂದೇ ಗಿಡದ ಎಲೆ. ಹೆಸರು ಕ್ಯಾಮೆಲಿಯಾ ಸೈನೆನ್ಸಿಸ್. ಎಲೆ ಕಿತ್ತ ಕೂಡಲೇ ಬಿಸಿ ತಾಗಿಸಿ ಒಣಗಿಸಿದರೆ ಹಸಿರು ಉಳಿಯುತ್ತದೆ. ಜಜ್ಜಿ ಗಾಳಿಗೆ ಬಿಟ್ಟರೆ, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವ ಹಾಗೆ ಅದೂ ಕಪ್ಪಾಗುತ್ತದೆ. ಅಷ್ಟೇ ವ್ಯತ್ಯಾಸ.

ನಮಗೆ ಬೇಕಾದ್ದು ಮೂರು ಹೆಸರು. ಮೊದಲನೆಯದು ಕ್ಯಾಟೆಚಿನ್. ಗ್ರೀನ್ ಟೀ ಕುಡಿದಾಗ ನಾಲಿಗೆಗೆ ಒಗರು ಹತ್ತುತ್ತದಲ್ಲ, ಅದಕ್ಕೆ ಕಾರಣ ಈ ಗುಂಪು. ಇದರಲ್ಲಿ ಜಾಸ್ತಿ ಸುದ್ದಿಯಲ್ಲಿರುವುದು ಇಜಿಸಿಜಿ. ಕಪ್ಪು ಟೀ ಮಾಡುವಾಗ ಕ್ಯಾಟೆಚಿನ್‌ನ ಬಹುಪಾಲು ಥಿಯಾಫ್ಲೇವಿನ್, ಥಿಯಾರುಬಿಜಿನ್ ಅನ್ನುವ ಬೇರೆ ಅಂಶಗಳಾಗಿ ಬದಲಾಗುತ್ತದೆ. ಡಿಕಾಕ್ಷನ್ನಿನ ಕೆಂಪು ಬಣ್ಣ ಅವುಗಳದ್ದೇ. ಎರಡನೆಯದು ಥಿಯಾನಿನ್, ಅಮೈನೊ ಆಮ್ಲದ ಜಾತಿಯದು, 1949ರಲ್ಲಿ ಜಪಾನಿನಲ್ಲಿ ಟೀ ಎಲೆಯಿಂದ ಬೇರ್ಪಡಿಸಿದರು. ಮೂರನೆಯದು ನಿಮಗೆ ಗೊತ್ತಿರುವ ಕೆಫೀನ್.

ಇವು ಮಿದುಳಿನಲ್ಲಿ ಏನು ಮಾಡುತ್ತವೆ? ಕೆಫೀನ್ ಲೆಕ್ಕ ಸರಳ. ದಣಿವಿನ ಸಂದೇಶ ಒಯ್ಯುವ ಅಡೆನೊಸಿನ್ ಅನ್ನುವ ರಾಸಾಯನಿಕ ಕೂರಬೇಕಾದ ಜಾಗದಲ್ಲಿ ಇದು ಹೋಗಿ ಕೂತುಬಿಡುತ್ತದೆ, ನಮಗೆ ನಿದ್ದೆ ಹಾರುತ್ತದೆ. ಥಿಯಾನಿನ್ ಜೊತೆಗಿದ್ದರೆ ಎಚ್ಚರ ಇರುತ್ತದೆ, ಗಡಿಬಿಡಿ ಕಡಿಮೆ, ಗಮನ ಸ್ವಲ್ಪ ಜಾಸ್ತಿ ನಿಲ್ಲುತ್ತದೆ ಅಂತ ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಆ ಪರೀಕ್ಷೆಗಳಲ್ಲಿ ಕೊಟ್ಟ ಥಿಯಾನಿನ್ ಸಾಮಾನ್ಯವಾಗಿ ಒಂದು ಲೋಟ ಟೀಯಲ್ಲಿ ಸಿಗುವುದಕ್ಕಿಂತ ಜಾಸ್ತಿ. ಇದನ್ನು ಜಾಹೀರಾತಿನವರು ಹೇಳುವುದಿಲ್ಲ.

ಇಜಿಸಿಜಿ ಕಥೆ ಸ್ವಲ್ಪ ಉದ್ದ. ಅಲ್ಝೈಮರ್ಸ್ ಅಂದರೆ ಮರೆವಿನ ಕಾಯಿಲೆಗಳಲ್ಲಿ ತೀರಾ ಸಾಮಾನ್ಯವಾದದ್ದು. ಅದರಲ್ಲಿ ಅಮಿಲಾಯ್ಡ್, ಟೌ ಎಂಬ ಎರಡು ಪ್ರೋಟೀನುಗಳು ಮಿದುಳಿನಲ್ಲಿ ಗಂಟುಕಟ್ಟುತ್ತವೆ. ಇಜಿಸಿಜಿ ಈ ಗಂಟುಗಳನ್ನು ಸಡಿಲ ಮಾಡುತ್ತದೆ, ಪ್ರಯೋಗಾಲಯದ ಕೊಳವೆಯಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ವಿಜ್ಞಾನಿಗಳು 2022ರಲ್ಲಿ, ತೀರಿಕೊಂಡ ರೋಗಿಗಳ ಮಿದುಳಿನಿಂದ ತೆಗೆದ ಟೌ ನಾರುಗಳಿಗೆ ಇದು ಎಲ್ಲಿ ಅಂಟಿಕೊಂಡು ಹೇಗೆ ಬಿಡಿಸುತ್ತದೆ ಅಂತ ತೋರಿಸಿದರು. ಅದೇ ಕೆಲಸದಲ್ಲಿ ಅವರು ಇಜಿಸಿಜಿ ಬಿಟ್ಟು ಬೇರೆ ಅಣುಗಳನ್ನೂ ಹುಡುಕಿದರು, ಯಾಕೆಂದರೆ ಇಜಿಸಿಜಿ ಮಿದುಳಿನ ಒಳಕ್ಕೆ ಸರಿಯಾಗಿ ಹೋಗುವುದೇ ಇಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆಗೋಡೆ ಇದೆ. ನಮ್ಮ ಅಪಾರ್ಟ್‌ಮೆಂಟ್ ಗೇಟಿನ ಸೆಕ್ಯುರಿಟಿ ಥರ ಅಂದುಕೊಳ್ಳಿ. ಕೆಫೀನ್, ಥಿಯಾನಿನ್ ಇಬ್ಬರನ್ನೂ ಒಳಗೆ ಬಿಡುತ್ತಾನೆ. ಇಜಿಸಿಜಿಯನ್ನು ಗೇಟಿನಲ್ಲೇ ನಿಲ್ಲಿಸಿ ಚೂರುಪಾರು ಮಾತ್ರ ಬಿಡುತ್ತಾನೆ. ಅದಕ್ಕೂ ಮೊದಲು ಹೊಟ್ಟೆಯಿಂದ ರಕ್ತಕ್ಕೆ ಸೇರುವುದೇ ಕಡಿಮೆ, ಉಳಿದದ್ದನ್ನು ಕರುಳಿನ ಸೂಕ್ಷ್ಮಜೀವಿಗಳು ಒಡೆದು ಬೇರೆ ಸಣ್ಣ ಅಂಶಗಳನ್ನಾಗಿ ಮಾಡುತ್ತವೆ.

ಮನುಷ್ಯರ ಮೇಲೆ ನೋಡಿದ್ದೂ ಇದೆ. ಜಪಾನಿನ ಸೆಂಡೈಯಲ್ಲಿ 70 ದಾಟಿದ ಸುಮಾರು ಸಾವಿರ ಜನರನ್ನು ನೋಡಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ, ದಿನಕ್ಕೆ ಎರಡು ಅಥವಾ ಹೆಚ್ಚು ಕಪ್ ಗ್ರೀನ್ ಟೀ ಕುಡಿಯುವವರಲ್ಲಿ ನೆನಪು, ಯೋಚನಾಶಕ್ತಿಯ ತೊಂದರೆ ಕಡಿಮೆ ಇತ್ತು. ಬ್ರಿಟನ್ನಿನ 3.65 ಲಕ್ಷ ಜನರ ಮಾಹಿತಿ ಇಟ್ಟುಕೊಂಡು 2021ರಲ್ಲಿ ಬಂದ ಅಧ್ಯಯನದಲ್ಲೂ ದಿನಕ್ಕೆ 3ರಿಂದ 5 ಕಪ್ ಟೀ, ಅಥವಾ 2ರಿಂದ 3 ಕಪ್ ಕಾಫಿ, ಅಥವಾ ಎರಡೂ ಸೇರಿ 4ರಿಂದ 6 ಕಪ್ ಕುಡಿಯುವವರಲ್ಲಿ ಪಾರ್ಶ್ವವಾಯು ಮತ್ತು ಡಿಮೆನ್ಷಿಯಾ (ಮರೆವಿನ ಕಾಯಿಲೆಗಳ ಒಟ್ಟು ಹೆಸರು) ಕಡಿಮೆ ಕಂಡಿತು. ಕಾಫಿಯವರು ಇಲ್ಲಿ ಖುಷಿಪಡಬಹುದು. ಆದರೆ ಇವೆಲ್ಲ ಜನ ಏನು ಕುಡಿಯುತ್ತಾರೆ, ಆಮೇಲೆ ಏನಾಗುತ್ತದೆ ಅಂತ ನೋಡಿದ ಲೆಕ್ಕಗಳು. ದಿನಾ ಟೀ ಕುಡಿಯುವ ಅಜ್ಜ ದಿನಾ ನಾಲ್ಕು ಜನರ ಜೊತೆ ಕೂತು ಹರಟೆಯನ್ನೂ ಹೊಡೆಯುತ್ತಾನೆ, ಅಲ್ವಾ? ಉಪಕಾರ ಎಲೆಯದೋ ಹರಟೆಯದೋ ಅಂತ ಇಂಥ ಲೆಕ್ಕದಿಂದ ಪೂರ್ತಿ ಬಿಡಿಸಿ ಹೇಳುವುದಕ್ಕೆ ಆಗುವುದಿಲ್ಲ.

ಸರಿ, ಈಗ ಲೋಟಕ್ಕೆ ಬರೋಣ.

ಬೇಕಾಗುವುದು

ಒಳ್ಳೆಯ ಟೀ ಎಲೆ, ಫಿಲ್ಟರ್ ಮಾಡಿದ ನೀರು, ಮುಚ್ಚಳ ಇರುವ ಪಾತ್ರೆ, ಸೋಸುವ ಜಾಲರಿ, ಒಂದು ನಿಂಬೆಹಣ್ಣು, ಮೊಬೈಲಿನ ಟೈಮರ್. ಥರ್ಮಾಮೀಟರ್ ಬೇಡ, ಅದಕ್ಕೊಂದು ಉಪಾಯ ಹೇಳುತ್ತೇನೆ.

ಹಂತ 1: ಎಲೆ ಆರಿಸುವುದು

ಕ್ಯಾಟೆಚಿನ್ ಜಾಸ್ತಿ ಬೇಕೆಂದರೆ ಗ್ರೀನ್ ಟೀ. ಬಿಡಿ ಎಲೆ ತನ್ನಿ. ಊಟಿ, ಕೂನೂರಿಗೆ ಹೋದವರು ತರುವ ನೀಲಗಿರಿ ಎಲೆ ಆಗಬಹುದು, ನಮ್ಮ ಚಿಕ್ಕಮಗಳೂರಿನ ಕೆಳಗೂರಿನ ಟೀ ಆಗಬಹುದು. ದುಬಾರಿ ಜಪಾನಿ ಪ್ಯಾಕೆಟ್ಟೇ ಆಗಬೇಕು ಅಂತೇನಿಲ್ಲ. ಮಚ್ಚಾದಲ್ಲಿ ಎಲೆಯ ಪುಡಿಯನ್ನೇ ನುಂಗುವುದರಿಂದ ಅಂಶ ಜಾಸ್ತಿ ಸಿಗುತ್ತದೆ, ನಿಜ. ಆದರೆ ಇಂದಿರಾನಗರದ ಕೆಫೆಯಲ್ಲಿ ಅದಕ್ಕೆ ಲೋಟ ತುಂಬ ಹಾಲು, ಸಿರಪ್ ಸುರಿದು ಕೊಟ್ಟಾಗ ನೀವು ಕುಡಿಯುತ್ತಿರುವುದು ಹಸಿರು ಬಣ್ಣದ ಮಿಲ್ಕ್‌ಶೇಕ್.

ಗ್ರೀನ್ ಟೀ ರುಚಿ ಸೇರದಿದ್ದರೆ ಕಪ್ಪು ಟೀಯನ್ನೇ ಕುಡಿಯಿರಿ. ಬ್ರಿಟನ್ನಿನವರು ಬಹುಪಾಲು ಕುಡಿಯುವುದು ಅದನ್ನೇ. ಅಂಗಡಿಯಲ್ಲಿ ಸಿಗುವುದು ಎರಡು ಥರ: ಸಾಸಿವೆ ಕಾಳಿನ ಹಾಗೆ ಗುಂಡಗಿರುವ ಸಿಟಿಸಿ, ಮತ್ತು ಸುರುಳಿ ಸುತ್ತಿದ ಎಲೆ ಕಾಣುವ ಆರ್ಥೊಡಾಕ್ಸ್. ಹಾಲಿಲ್ಲದೆ ಕುಡಿಯುವುದಕ್ಕೆ ಎರಡನೆಯದು ಚೆನ್ನ.

ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಹಳೆಯ ಪ್ಯಾಕೆಟ್. ಯಾರೋ ಉಡುಗೊರೆ ಕೊಟ್ಟ ಗ್ರೀನ್ ಟೀ ಎರಡು ವರ್ಷ ಶೆಲ್ಫಿನಲ್ಲಿ ಕೂತಿದ್ದರೆ ಕ್ಯಾಟೆಚಿನ್ ಇಳಿದಿರುತ್ತದೆ. ಗಾಳಿ, ಬೆಳಕು ತಾಗದ ಡಬ್ಬಿಯಲ್ಲಿಟ್ಟು ಕೆಲವು ತಿಂಗಳಲ್ಲೇ ಮುಗಿಸಿ. ಇನ್ನೊಂದು, ಹೆಸರಿನ ಮೋಸ. ತುಳಸಿ ಟೀ, ಶುಂಠಿ ಟೀ, ನೀಲಿ ಬಣ್ಣದ ಶಂಖಪುಷ್ಪದ ಟೀ, ಇವುಗಳಲ್ಲಿ ಟೀ ಎಲೆಯೇ ಇಲ್ಲದಿದ್ದರೆ ಅವು ಕಷಾಯ. ಕುಡಿಯಿರಿ, ಬೇಡ ಅನ್ನಲ್ಲ, ಆದರೆ ಮೇಲೆ ಹೇಳಿದ ಇಜಿಸಿಜಿ, ಥಿಯಾನಿನ್ ಅದರಲ್ಲಿ ಹುಡುಕಬೇಡಿ. ಒಂದೆಲಗದ ಬಗ್ಗೆಯೂ ಕೇಳುತ್ತಾರೆ. ಅದು ಬೇರೆಯೇ ಗಿಡ, ಬೇರೆಯೇ ವಿಷಯ. ತಂಬುಳಿ ಮಾಡಿ ಊಟಕ್ಕೆ ಹಾಕಿಕೊಳ್ಳಿ.

ಹಂತ 2: ನೀರು

ಬೆಂಗಳೂರಿನವರು ಗಮನಿಸಲೇಬೇಕಾದ್ದು ಇದು. ಬೋರ್‌ವೆಲ್ ನೀರು ಗಡಸು. ಅಂದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಅದರಲ್ಲಿ ಟೀ ಮಾಡಿದರೆ ಮೇಲೆ ತೆಳ್ಳಗೆ ಕೆನೆಯಂಥ ಪದರ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ. ಕ್ಯಾಟೆಚಿನ್ ಕೂಡ ನೀರಿಗೆ ಕಡಿಮೆ ಇಳಿಯುತ್ತದೆ. ಗ್ರೀನ್ ಟೀಯಲ್ಲಿ ಇದು ಎದ್ದು ಕಾಣುತ್ತದೆ. ಕಾವೇರಿ ನೀರು ಬರುವ ಮನೆಯಾದರೆ ಸಾಮಾನ್ಯ ಫಿಲ್ಟರ್ ಸಾಕು. ಟ್ಯಾಂಕರ್ ಅಥವಾ ಬೋರ್ ನೀರಾದರೆ ಆರ್‌ಒ ನೀರಲ್ಲೇ ಟೀ ಮಾಡಿ.

ಹಂತ 3: ಕುದಿಸಬೇಡಿ, ನೆನೆಸಿ

ನಮ್ಮ ಕೈ ತಪ್ಪುವುದು ಇಲ್ಲೇ. ಟೀ ಅಂದರೆ ಉಕ್ಕುವ ತನಕ ಕುದಿಸುವುದು ಅಂತ ಕಲಿತಿದ್ದೇವೆ. ಗ್ರೀನ್ ಟೀಯನ್ನು ಹಾಗೆ ಮಾಡಿದರೆ ಬೇವಿನ ಕಷಾಯ ಆಗುತ್ತದೆ, ಎರಡನೇ ದಿನಕ್ಕೆ ಪ್ಯಾಕೆಟ್ ಮೂಲೆ ಸೇರುತ್ತದೆ.

ಗ್ರೀನ್ ಟೀಗೆ ಸುಮಾರು 80 ಡಿಗ್ರಿ ಬಿಸಿ ನೀರು ಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವುದರಿಂದ ಇಲ್ಲಿ ನೀರು 100ಕ್ಕೆ ಹೋಗುವುದಿಲ್ಲ, 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ ಉಪಾಯ ಹೀಗೆ: ಮೂರು ಪಾಲು ಕುದಿಯುವ ನೀರಿಗೆ ಒಂದು ಪಾಲು ಮಾಮೂಲಿ ಕುಡಿಯುವ ನೀರು ಬೆರೆಸಿ. ಲೆಕ್ಕ ಹಾಕಿದರೆ ಹೆಚ್ಚೂಕಮ್ಮಿ 79 ಡಿಗ್ರಿ ಬರುತ್ತದೆ. ಫ್ರಿಜ್ಜಿನ ನೀರು ಹಾಕಬೇಡಿ, ಲೆಕ್ಕ ತಪ್ಪುತ್ತದೆ.

ಒಂದು ಲೋಟಕ್ಕೆ, ಅಂದರೆ 150ರಿಂದ 200 ಮಿಲಿಗೆ, ಒಂದು ಟೀ ಚಮಚ ಎಲೆ. ಅದು ಸುಮಾರು ಎರಡು ಗ್ರಾಂ. ನೀರು ಹಾಕಿ ಮುಚ್ಚಿ, ಮೂರು ನಿಮಿಷ ಬಿಟ್ಟು ಸೋಸಿ. ಜಾಸ್ತಿ ಹೊತ್ತು ಬಿಟ್ಟರೆ ಕ್ಯಾಟೆಚಿನ್ ಇನ್ನೂ ಇಳಿಯುತ್ತದೆ ನಿಜ, ಒಗರೂ ಇಳಿಯುತ್ತದೆ, ಕುಡಿಯಲು ಆಗದ ಟೀಯಿಂದ ಯಾರಿಗೂ ಉಪಕಾರ ಇಲ್ಲ. ಅದೇ ಎಲೆಗೆ ಇನ್ನೊಂದು ಸಲ ಬಿಸಿ ನೀರು ಹಾಕಬಹುದು.

ಕಪ್ಪು ಟೀಗೆ ಕುದಿಯುವ ನೀರೇ ಸರಿ. ನೀರು ಕುದಿದ ಮೇಲೆ ಉರಿ ಆರಿಸಿ, ಎಲೆ ಹಾಕಿ, ಮುಚ್ಚಿ, ಮೂರರಿಂದ ಐದು ನಿಮಿಷ.

ಬೆಳಗ್ಗೆ ಮಾಡಿದ್ದನ್ನು ಫ್ಲಾಸ್ಕಿಗೆ ಹಾಕಿ ಸಂಜೆವರೆಗೆ ಕುಡಿಯುವ ಅಭ್ಯಾಸ ಇದೆಯಾ? ಬಿಸಿಯಲ್ಲಿ ಗಂಟೆಗಟ್ಟಲೆ ಇದ್ದರೆ ಇಜಿಸಿಜಿ ಕೆಡುತ್ತದೆ, ಹಸಿರು ಟೀ ಕಂದು ಬಣ್ಣಕ್ಕೆ ತಿರುಗುವುದು ಅದರ ಗುರುತು. ಆಫೀಸಿಗೆ ಫ್ಲಾಸ್ಕಿನಲ್ಲಿ ಬಿಸಿ ನೀರು, ಪೊಟ್ಟಣದಲ್ಲಿ ಎಲೆ ಒಯ್ಯಿರಿ.

ಹಾಗೆಯೇ ಸುಡುಸುಡು ಕುಡಿಯಬೇಡಿ. 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಕಾರಣ ಆಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲಿ ಹೇಳಿದೆ. ಎರಡು ಲೋಟದ ನಡುವೆ ನಾಲ್ಕು ಸಲ ಎತ್ತಿ ಸುರಿದು ಆರಿಸುವ ನಮ್ಮ ಹಳೆ ಪದ್ಧತಿ ಇದಕ್ಕೆ ತಕ್ಕದ್ದು. ರಸ್ತೆ ಬದಿಯಲ್ಲಾದರೆ ಪೇಪರ್ ಕಪ್ ಬೇಡ, ಗಾಜಿನ ಲೋಟ ಕೇಳಿ. ಪೇಪರ್ ಕಪ್ಪಿನ ಒಳಪದರ ಪ್ಲಾಸ್ಟಿಕ್. ಖರಗ್‌ಪುರದ ಐಐಟಿಯವರು 2020ರಲ್ಲಿ ನೋಡಿದಾಗ, 100 ಮಿಲಿ ಬಿಸಿ ನೀರು ಅದರಲ್ಲಿ 15 ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣ ಸೇರಿಕೊಂಡಿದ್ದವು.

ಹಂತ 4: ಹಾಲು, ಸಕ್ಕರೆ, ನಿಂಬೆ

ಹಾಲು ಹಾಕಿದರೆ ಎಲ್ಲ ವ್ಯರ್ಥವಾ ಅನ್ನುವುದೇ ಜನರ ದೊಡ್ಡ ಆತಂಕ. ಹಾಲಿನ ಕೇಸಿನ್ ಅನ್ನುವ ಪ್ರೋಟೀನ್ ಕ್ಯಾಟೆಚಿನ್‌ಗೆ ಅಂಟಿಕೊಳ್ಳುತ್ತದೆ. 2007ರಲ್ಲಿ ಬರ್ಲಿನ್ನಿನಲ್ಲಿ 16 ಹೆಂಗಸರ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ, ಬರೀ ಕಪ್ಪು ಟೀ ಕುಡಿದಾಗ ರಕ್ತನಾಳ ಚೆನ್ನಾಗಿ ಹಿಗ್ಗಿತು, ಹಾಲು ಬೆರೆಸಿದಾಗ ಆ ಲಾಭ ಕಾಣಲಿಲ್ಲ. ಹಾಲು ಹಾಕಿದರೂ ರಕ್ತಕ್ಕೆ ಸೇರುವ ಕ್ಯಾಟೆಚಿನ್ ಅಷ್ಟೇ ಇರುತ್ತದೆ ಅಂತ ತೋರಿಸಿದ ಪರೀಕ್ಷೆಗಳೂ ಇವೆ. ನನ್ನ ಲೆಕ್ಕದಲ್ಲಿ ಹಾಲಿಗಿಂತ ದೊಡ್ಡ ಶತ್ರು ಸಕ್ಕರೆ. ಹಾಲು, ಪುಡಿ ಎಲ್ಲ ಒಟ್ಟಿಗೆ ಹತ್ತು ನಿಮಿಷ ಕುದಿಸಿದರೆ ಒಗರು ಏರುತ್ತದೆ, ಒಗರು ಮುಚ್ಚುವುದಕ್ಕೆ ಸಕ್ಕರೆ ಏರುತ್ತದೆ. ಎರಡು ಚಮಚದಂತೆ ದಿನಕ್ಕೆ ನಾಲ್ಕು ಲೋಟ ಅಂದರೆ ಎಂಟು ಚಮಚ. ದಿನಕ್ಕೆ ಆರು ಚಮಚ, ಅಂದರೆ 25 ಗ್ರಾಂ ಒಳಗೇ ಇದ್ದರೆ ಒಳ್ಳೆಯದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಅದೂ ಬಿಸ್ಕತ್ತು, ಸ್ವೀಟು ಎಲ್ಲ ಸೇರಿಸಿ. ಸಕ್ಕರೆ ಕಾಯಿಲೆ ಮಿದುಳನ್ನೂ ಬಿಡುವುದಿಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಡಿಮೆನ್ಷಿಯಾ ತರಬಲ್ಲ ಆದರೆ ನಾವು ಬದಲಾಯಿಸಿಕೊಳ್ಳಬಹುದಾದ 14 ಕಾರಣಗಳಲ್ಲಿ ಅದೂ ಒಂದು. ಬೆಲ್ಲ ಹಾಕಿದರೆ ಪರವಾಗಿಲ್ಲ ಅನ್ನುವವರಿಗೆ: ಈ ವಿಷಯದಲ್ಲಿ ಬೆಲ್ಲವೂ ಸಕ್ಕರೆಯೇ.

ಹಾಲಿಲ್ಲದೆ ಆಗಲ್ಲ ಅನ್ನುವವರು ಡಿಕಾಕ್ಷನ್ ಬೇರೆ ಮಾಡಿ, ಕೊನೆಗೆ ಎರಡು ಚಮಚ ಬಿಸಿ ಹಾಲು ಸೇರಿಸಿ. ಸಕ್ಕರೆಯನ್ನು ವಾರಕ್ಕೆ ಕಾಲು ಚಮಚದಂತೆ ಇಳಿಸಿ, ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಹಾಲು ಹಾಕದ ಟೀಗೆ ಅರ್ಧ ಚಮಚ ನಿಂಬೆರಸ ಹಿಂಡಿ. ಹೊಟ್ಟೆಯಲ್ಲಿ ಜೀರ್ಣವಾಗುವಾಗ ಕೆಡುವ ಕ್ಯಾಟೆಚಿನ್ ಹುಳಿ ಇದ್ದರೆ ಜಾಸ್ತಿ ಉಳಿಯುತ್ತದೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ. ಹಾಲು ಮತ್ತು ನಿಂಬೆ ಒಟ್ಟಿಗೆ ಬೇಡ, ಒಡೆಯುತ್ತದೆ. ಸುಮ್ನೆ ಹೇಳಿದೆ, ಒಬ್ಬರು ಮಾಡಿದ್ದರು.

ಹಂತ 5: ಊಟದಿಂದ, ಮಾತ್ರೆಯಿಂದ ದೂರ

ಇಡ್ಲಿ ತಿಂದು ಕೈ ತೊಳೆದ ಕೂಡಲೇ ಟೀ, ಅಲ್ವಾ? ಟೀಯ ಟ್ಯಾನಿನ್, ಅಂದರೆ ಆ ಒಗರಿನ ಅಂಶಗಳು, ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಕ್ಕೆ ಅಂಟಿಕೊಂಡು ದೇಹ ಸೇರದಂತೆ ಮಾಡುತ್ತವೆ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚೂಕಮ್ಮಿ ಅರ್ಧದಷ್ಟು ಜನರಿಗೆ ರಕ್ತಹೀನತೆ ಇತ್ತು. ಕಬ್ಬಿಣ ಕಡಿಮೆಯಾದರೆ ಗಮನ, ಚುರುಕುತನ ಎರಡೂ ಕುಗ್ಗುತ್ತವೆ. ಮಿದುಳಿಗೆ ಅಂತ ಟೀ ಕುಡಿದು ಮಿದುಳಿಗೆ ಬೇಕಾದ್ದನ್ನೇ ತಡೆದರೆ ಏನು ಬಂತು? ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಟೀ ಕಾಫಿ ಬೇಡ ಅಂದಿದೆ. ಬೆಳಗ್ಗೆ ಹನ್ನೊಂದು, ಮಧ್ಯಾಹ್ನ ಮೂರೂವರೆ, ಇವು ಒಳ್ಳೆಯ ಸಮಯ.

ಮಾತ್ರೆ ವಿಷಯದಲ್ಲಿ ಹುಷಾರು. ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗಬೇಡಿ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಟೀ ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ನಮ್ಮಮ್ಮ ವರ್ಷಗಟ್ಟಲೆ ಟೀ ಗುಟುಕಿನ ಜೊತೆಯೇ ನುಂಗುತ್ತಿದ್ದರು, ಡೋಸ್ ಏರಿಸಿದರೂ ರಿಪೋರ್ಟ್ ಸರಿ ಬರುತ್ತಿರಲಿಲ್ಲ. ರಕ್ತ ತೆಳು ಮಾಡುವ ವಾರ್ಫರಿನ್, ರಕ್ತದೊತ್ತಡದ ನಾಡೊಲಾಲ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಏಕಾಏಕಿ ಲೋಟಗಟ್ಟಲೆ ಗ್ರೀನ್ ಟೀ ಶುರು ಮಾಡಬೇಡಿ.

ಹಂತ 6: ಎಷ್ಟು, ಎಷ್ಟೊತ್ತಿಗೆ

ಎರಡರಿಂದ ನಾಲ್ಕು ಲೋಟ ಸಾಕು. ಆದರೆ ಕಾಫಿಯನ್ನೂ ಸೇರಿಸಿ ಲೆಕ್ಕ ಹಾಕಬೇಕು. ಹೈದರಾಬಾದಿನ ಸಂಸ್ಥೆಯ ಅದೇ ಮಾರ್ಗಸೂಚಿಯ ಪ್ರಕಾರ 150 ಮಿಲಿ ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65. ದಿನದ ಮಿತಿ 300. ಬೆಳಗ್ಗೆ ಮನೆಯಲ್ಲಿ ಎರಡು ಫಿಲ್ಟರ್ ಕಾಫಿ, ಆಫೀಸಿನಲ್ಲಿ ಮೂರು ಟೀ ಅಂದರೆ ಮಿತಿ ದಾಟಿದಂತೆಯೇ. ದರ್ಶಿನಿಯ ಬೈಟು ಈ ಲೆಕ್ಕಕ್ಕೆ ತುಂಬಾ ಒಳ್ಳೆಯದು. ಗರ್ಭಿಣಿಯರು 200 ದಾಟಬಾರದು.

ಕುಡಿದ ಕೆಫೀನ್‌ನ ಅರ್ಧ ಭಾಗ ದೇಹದಿಂದ ಹೋಗುವುದಕ್ಕೇ ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದರೆ ಹನ್ನೊಂದಕ್ಕೂ ಅರ್ಧ ಒಳಗೇ ಇರುತ್ತದೆ. ನಿದ್ದೆ ಕೆಟ್ಟರೆ ಮರುದಿನ ನೆನಪೂ ಕೆಟ್ಟಂತೆ. ನಾಲ್ಕು ಗಂಟೆಯ ನಂತರ ಕಷಾಯಕ್ಕೆ ಬನ್ನಿ. ರಾತ್ರಿ ಅಮೆರಿಕದವರ ಜೊತೆ ಮೀಟಿಂಗ್ ಇರುವವರಿಗೆ ಏನು ಹೇಳಲಿ, ನಿಮ್ಮ ಮಲಗುವ ಹೊತ್ತಿನಿಂದ ಏಳೆಂಟು ಗಂಟೆ ಹಿಂದಕ್ಕೆ ಎಣಿಸಿ.

ಹಂತ 7: ಕ್ಯಾಪ್ಸೂಲ್ ಕೊಳ್ಳಬೇಡಿ

ಗ್ರೀನ್ ಟೀ ಸಾರ ಅಂತ ಮಾರುವ ಮಾತ್ರೆಗಳಲ್ಲಿ ಇಜಿಸಿಜಿ ಗಟ್ಟಿಯಾಗಿ ತುಂಬಿರುತ್ತದೆ. ಲೋಟದಲ್ಲಿ ಕುಡಿಯುವವರಿಗೆ ದಿನಕ್ಕೆ ಸಾಮಾನ್ಯವಾಗಿ 90ರಿಂದ 300 ಮಿಲಿಗ್ರಾಂ ಸಿಗುತ್ತದೆ. ಮಾತ್ರೆಯಲ್ಲಿ 800 ಅಥವಾ ಜಾಸ್ತಿ ತೆಗೆದುಕೊಂಡವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದ ಸೂಚನೆ ಕಂಡಿದೆ ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿತು. ಲಾಭವಾದರೂ ಆಯಿತಾ? ಮಿದುಳಿನಲ್ಲಿ ಪ್ರೋಟೀನ್ ಗಂಟುಕಟ್ಟುವ ಇನ್ನೊಂದು ಕಾಯಿಲೆ, ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ, ಇರುವವರಿಗೆ ಜರ್ಮನಿಯಲ್ಲಿ 48 ವಾರ ಇಜಿಸಿಜಿ ಕೊಟ್ಟು ನೋಡಿದರು. 2019ರಲ್ಲಿ ಫಲಿತಾಂಶ ಬಂತು. ಕಾಯಿಲೆ ನಿಧಾನವಾಗಲಿಲ್ಲ, ಕೆಲವರ ಲಿವರ್ ಕೆಟ್ಟಿತು. ಗೇಟಿನಲ್ಲಿ ಬಿಡದವನನ್ನು ನೂರು ಜನರ ಗುಂಪು ಮಾಡಿ ಕಳಿಸಿದರೆ ಗೇಟಿನ ಹೊರಗೆ ಗಲಾಟೆ ಆಗುತ್ತದೆ, ಅಷ್ಟೇ.

ಹಂತ 8: ಮರೆವು ಈಗಾಗಲೇ ಶುರುವಾಗಿದ್ದರೆ

ಅರವತ್ತಕ್ಕೆ ಅರಳು ಮರಳು ಅಂತ ನಕ್ಕು ಬಿಡಬೇಡಿ, ಟೀ ಕುಡಿಸಿ ಕಾಯಲೂಬೇಡಿ. ಕೀಲಿ ಎಲ್ಲಿಟ್ಟೆ ಅಂತ ಮರೆಯುವುದು ಎಲ್ಲರಿಗೂ ಇದ್ದದ್ದೇ. ಮೂವತ್ತು ವರ್ಷ ಓಡಾಡಿದ ಗಾಂಧಿಬಜಾರಿನಿಂದ ಮನೆಗೆ ದಾರಿ ತಪ್ಪುವುದು, ಕೇಳಿದ್ದನ್ನೇ ಹತ್ತು ನಿಮಿಷಕ್ಕೊಮ್ಮೆ ಕೇಳುವುದು, ದಿನಾ ಮಾಡುವ ಹುಳಿಗೆ ಏನೇನು ಹಾಕಬೇಕು ಅಂತ ತಡವರಿಸುವುದು, ಇವು ಬೇರೆ. ಮೊದಲು ನಿಮ್ಮ ಡಾಕ್ಟರ ಹತ್ತಿರ ವಿಟಮಿನ್ ಬಿ12, ಥೈರಾಯ್ಡ್, ಸಕ್ಕರೆ, ರಕ್ತದೊತ್ತಡ ನೋಡಿಸಿ. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗುವುದು ಸಾಮಾನ್ಯ, ಅದರಿಂದ ಬಂದ ಮರೆವು ಬೇಗ ಗೊತ್ತಾದರೆ ಎಷ್ಟೋ ಸುಧಾರಿಸುತ್ತದೆ. ಕಿವಿಯನ್ನೂ ಪರೀಕ್ಷೆ ಮಾಡಿಸಿ. ಕಿವಿ ಕೇಳಿಸದೆ ಇರುವುದೂ ಲ್ಯಾನ್ಸೆಟ್ ಪಟ್ಟಿಯ ಆ 14 ಕಾರಣಗಳಲ್ಲಿ ಒಂದು. ಮುಂದಿನ ಪರೀಕ್ಷೆ ಬೇಕೆಂದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ಬೆಳಗ್ಗೆ ಬೇಗ ಹೋಗಿ, ಜೊತೆಗೆ ಮನೆಯಲ್ಲಿ ಅವರನ್ನು ದಿನಾ ನೋಡುವ ಒಬ್ಬರು ಇರಲಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಸ್ಟ್ರಿಪ್ಪುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ. ಯಾರಿಗೂ ಹೇಳದೆ ತರಿಸಿದ ಗ್ರೀನ್ ಟೀ ಕ್ಯಾಪ್ಸೂಲ್ ಇದ್ದರೆ ಆ ಡಬ್ಬಿಯನ್ನೂ.